ಕೂಡಿಸುವ ಆಟ, ಕಳೆಯುವ ಪಾಠ

ಕಳೆದ ಚಾತುರ್ಮಾಸಕ್ಕೆ ಸ್ವಲ್ಪ ಮುನ್ನ, ನಮ್ಮ ಊರಿನ ಬಸದಿಯ ಟ್ರಸ್ಟ್ ನಡೆಸುವ ವಿದ್ಯಾರ್ಥಿ ನಿಲಯದಿಂದ ಆಡಳಿತ ಮಂಡಳಿಗೆ ಒಂದು ದೂರು ಬಂದಿತು. ದ್ವಿತೀಯ ಪಿಯುಸಿಯ ವಿದ್ಯಾರ್ಥಿಯೊಬ್ಬನು ರಾತ್ರಿ ಹನ್ನೊಂದೂವರೆಯ ವೇಳೆಗೆ ಹೊದಿಕೆಯೊಳಗೆ ಮೊಬೈಲು ಹಿಡಿದುಕೊಂಡು ಇಸ್ಪೀಟು ಆಡುತ್ತಿದ್ದನೆಂದು ನಿಲಯ ಪಾಲಕರು ಬರೆದಿದ್ದರು. ನಿಲಯದ ನಿಯಮಾವಳಿಯು ನಮ್ಮ ಹಿರಿಯರ ಕಾಲದ್ದು. ಅದರಲ್ಲಿ ಧೂಮಪಾನ, ಇಸ್ಪೀಟು ಮತ್ತು ಜೂಜು ಒಂದೇ ಸಾಲಿನಲ್ಲಿ ನಿಷಿದ್ಧವಾಗಿವೆ. ತಪ್ಪಿದವರನ್ನು ಮನೆಗೆ ಕಳುಹಿಸಬೇಕೆಂದೂ ಇದೆ. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದಾಗಿರುವಾಗ ಚರ್ಚೆಗೆ ಆಸ್ಪದವೆಲ್ಲಿ ಎಂದು ಇಬ್ಬರು ಸದಸ್ಯರು ಕೇಳಿದರು. ಪರೀಕ್ಷೆಗೆ ಎಂಟು ತಿಂಗಳಿರುವಾಗ ಹುಡುಗನು ನಿಲಯವನ್ನು ಬಿಟ್ಟರೆ ಅವನ ಓದು ಅಲ್ಲಿಗೇ ನಿಲ್ಲುವುದೆಂಬುದು ಎಲ್ಲರಿಗೂ ತಿಳಿದಿತ್ತು. ಅವನ ತಂದೆಯು ಅನ್ಯರ ಅಂಗಡಿಯಲ್ಲಿ ಗುಮಾಸ್ತರು.

ನಾನು ಒಂದು ತಿಂಗಳ ಅವಕಾಶ ಕೇಳಿದೆನು. ನಲವತ್ತು ವರ್ಷ ಜವಳಿ ವ್ಯಾಪಾರ ಮಾಡಿದವನಿಗೆ, ಥಾನನ್ನು ಬಿಚ್ಚಿ ನೋಡದೆ ಬೆಲೆ ಹೇಳುವುದು ಅಭ್ಯಾಸವಿಲ್ಲ. ಹುಡುಗನು ಆಡುತ್ತಿದ್ದ ಆಟದ ಹೆಸರನ್ನು ಕೇಳಿಕೊಂಡು, ನನ್ನ ಮೊಮ್ಮಗನನ್ನು ಗುರುವಾಗಿ ಮಾಡಿಕೊಂಡು, ಆ ಆಟವನ್ನು ನಾನೇ ಕಲಿತೆನು. ಮಂಡಳಿಯ ಮುಂದೆ ಓದಿದ ಅಭಿಪ್ರಾಯವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಧರ್ಮಬಂಧುಗಳ ಮುಂದೆ ಇಡುತ್ತಿದ್ದೇನೆ. ಇಂದು ಒಂದು ನಿಲಯದಲ್ಲಿ ಎದ್ದ ಪ್ರಶ್ನೆಯು ನಾಳೆ ಪ್ರತಿಯೊಂದು ಮನೆಯಲ್ಲಿಯೂ ಏಳುವಂತಹುದು. ಎಷ್ಟೋ ಮನೆಗಳಲ್ಲಿ ಈಗಾಗಲೇ ಎದ್ದಿರಬಹುದು.

ಮೊದಲಿಗೆ ಈ ಆಟದ ಜಾತಿಯನ್ನು ತಿಳಿಯೋಣ. ನಾವು ಬಲ್ಲ ಇಸ್ಪೀಟಿನಲ್ಲಿ ಎಲೆಗಳು ಐವತ್ತೆರಡು. ಅವು ಎಲ್ಲರಿಗೂ ಸಮಾನವಾದವು. ಯಾರ ಕೈಗೆ ಯಾವುದು ಬರುವುದೆಂಬುದು ಮಾತ್ರ ಅದೃಷ್ಟಾಧೀನ. ಕಟ್ಟು ಕಟ್ಟುವ ಆಟಗಳು ಬೇರೆ ಬಗೆಯವು. ಇವುಗಳಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಆರಂಭದಲ್ಲಿ ಕೆಲವೇ ಸಾಮಾನ್ಯ ಎಲೆಗಳ ಸ್ವಂತ ಕಟ್ಟೊಂದು ಇರುತ್ತದೆ. ಆಟ ನಡೆಯುತ್ತಿರುವಂತೆಯೇ ಅವನು ಹೊಸ ಎಲೆಗಳನ್ನು ಗಳಿಸಿ ಅದಕ್ಕೆ ಸೇರಿಸುತ್ತಾನೆ, ಬೇಡವಾದವನ್ನು ಕಳೆಯುತ್ತಾನೆ. ಈ ಬಗೆಗೆ ಒಂದು ಸ್ಪಷ್ಟ ರೂಪವನ್ನು ಕೊಟ್ಟ ಆಟವೆಂದರೆ ಡೊನಾಲ್ಡ್ ಎಕ್ಸ್. ವ್ಯಾಕ್ಕರಿನೋ ರಚಿಸಿದ, 2008ರಲ್ಲಿ ಪ್ರಕಟವಾದ 'ಡೊಮಿನಿಯನ್'. ಮರುವರ್ಷ ಅದಕ್ಕೆ ಜರ್ಮನಿಯ ವರ್ಷದ ಆಟ ಪ್ರಶಸ್ತಿಯೂ ದೊರೆಯಿತು. ಅದು ಮೇಜಿನ ಸುತ್ತ ಕುಳಿತು ನಿಜವಾದ ಎಲೆಗಳಿಂದ ಆಡುವ ಆಟ.

ಡೊಮಿನಿಯನ್ನಿನ ಒಂದು ವೈಚಿತ್ರ್ಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅದರಲ್ಲಿ ಪ್ರತಿಯೊಬ್ಬನಿಗೂ ಮೊದಲು ಸಿಗುವುದು ಹತ್ತು ಎಲೆ: ಏಳು ತಾಮ್ರದ ನಾಣ್ಯಗಳು, ಮೂರು ಸಣ್ಣ ಜಮೀನುಗಳು. ಕೊನೆಯಲ್ಲಿ ಗೆಲುವನ್ನು ನಿರ್ಣಯಿಸುವುದು ಜಮೀನು, ಪ್ರಾಂತಗಳೇ. ಆದರೆ ಆಟದ ನಡುವೆ ಅವು ಕೈಗೆ ಬಂದರೆ ಯಾವ ಕೆಲಸಕ್ಕೂ ಬಾರದೆ ಕೈಯನ್ನು ತುಂಬಿಕೊಂಡು ಕುಳಿತುಬಿಡುತ್ತವೆ. ಆಸ್ತಿ ಹೆಚ್ಚಿದಷ್ಟೂ ಕೈ ಕಟ್ಟಿದಂತಾಗುತ್ತದೆ. ಅದೇ ಆಟದಲ್ಲಿ 'ಚಾಪೆಲ್', ಎಂದರೆ ಪ್ರಾರ್ಥನಾ ಮಂದಿರ, ಎಂಬ ಎರಡೇ ನಾಣ್ಯ ಬೆಲೆಯ ಎಲೆಯೊಂದಿದೆ. ಅದರಿಂದ ಕೈಯಲ್ಲಿರುವ ನಾಲ್ಕು ಎಲೆಗಳವರೆಗೆ ಶಾಶ್ವತವಾಗಿ ವಿಸರ್ಜಿಸಬಹುದು. ಅನುಭವಿಗಳು ಅದನ್ನು ಅತ್ಯಂತ ಪ್ರಬಲವಾದ ಎಲೆಗಳಲ್ಲೊಂದೆಂದು ಎಣಿಸುತ್ತಾರೆ.

ನಮ್ಮ ನಿಲಯದ ಹುಡುಗನು ಆಡುತ್ತಿದ್ದುದು ಈ ವಂಶದಲ್ಲಿಯೇ ಹುಟ್ಟಿದ 'ಸ್ಲೇ ದಿ ಸ್ಪೈರ್' ಎಂಬ ಆಟ. ಅಮೆರಿಕದ ಆಂಥನಿ ಜಿಯೋವನೆಟ್ಟಿ ಮತ್ತು ಕೇಸಿ ಯಾನೋ ಎಂಬಿಬ್ಬರು ತಮ್ಮ ಮೆಗಾ ಕ್ರಿಟ್ ಸಂಸ್ಥೆಯ ಮೂಲಕ ಇದನ್ನು ರಚಿಸಿದರು. 2017ರ ನವೆಂಬರಿನಲ್ಲಿ ಅಪೂರ್ಣ ರೂಪದಲ್ಲಿಯೂ, 2019ರ ಜನವರಿಯಲ್ಲಿ ಪೂರ್ಣ ರೂಪದಲ್ಲಿಯೂ ಕಂಪ್ಯೂಟರಿಗೆ ಬಂದ ಆಟವು 2020ರಲ್ಲಿ ಐಫೋನಿಗೂ 2021ರಲ್ಲಿ ಆಂಡ್ರಾಯ್ಡ್ ಮೊಬೈಲುಗಳಿಗೂ ಬಂದಿತು. ಇದರಲ್ಲಿ ಎದುರಾಳಿ ಮನುಷ್ಯರಿಲ್ಲ. ಆಟಗಾರನು ಒಬ್ಬನೇ ಒಂದು ಗೋಪುರವನ್ನು ಅಂತಸ್ತು ಅಂತಸ್ತಾಗಿ ಹತ್ತುತ್ತಾನೆ. ದಾರಿಯಲ್ಲಿ ಬರುವ ವಿಚಿತ್ರ ಜೀವಿಗಳನ್ನು ತನ್ನ ಎಲೆಗಳಿಂದ ಎದುರಿಸುತ್ತಾನೆ. ಕೆಲವು ಎಲೆಗಳಿಂದ ಹೊಡೆತ, ಕೆಲವು ಎಲೆಗಳಿಂದ ರಕ್ಷಣೆ. ಪ್ರತಿ ಸರದಿಗೆ ಐದು ಎಲೆ ಬರುತ್ತವೆ, ಮೂರು ಅಂಶ ಶಕ್ತಿ ಸಿಗುತ್ತದೆ. ಆ ಮೂರರೊಳಗೆ ಯಾವ ಎಲೆಯನ್ನು ಬಳಸಬೇಕು, ಯಾವುದನ್ನು ಬಿಡಬೇಕು ಎಂಬುದೇ ಲೆಕ್ಕ. ಒಂದು ಹೋರಾಟವನ್ನು ಗೆದ್ದರೆ ಮೂರು ಹೊಸ ಎಲೆಗಳನ್ನು ತೋರಿಸುತ್ತಾರೆ. ಅವುಗಳಲ್ಲಿ ಒಂದನ್ನು ಉಚಿತವಾಗಿ ಕಟ್ಟಿಗೆ ಸೇರಿಸಿಕೊಳ್ಳಬಹುದು. ಸೋತರೆ ಎಲ್ಲವೂ ಹೋಯಿತು, ಮತ್ತೆ ಕೆಳಗಿನಿಂದ ಆರಂಭ. ಮೊದಲ ಪಾತ್ರವಾದ ಐರನ್‌ಕ್ಲ್ಯಾಡ್ ಎಂಬ ಯೋಧನ ಕೈಯಲ್ಲಿ ಆರಂಭಕ್ಕೆ ಹತ್ತು ಎಲೆಗಳೂ ತೊಂಬತ್ತೊಂಬತ್ತು ಚಿನ್ನದ ನಾಣ್ಯಗಳೂ ಇರುತ್ತವೆ.

ನನ್ನ ಮೊದಲ ವಾರದ ಆಟವು ನನ್ನ ಸ್ವಭಾವಕ್ಕೆ ಹಿಡಿದ ಕನ್ನಡಿಯಾಯಿತು. ಉಚಿತವಾಗಿ ಕೊಟ್ಟದ್ದನ್ನು ಬಿಡುವ ವ್ಯಾಪಾರಿ ಉಂಟೇ? ಕೊಟ್ಟ ಎಲೆಗಳನ್ನೆಲ್ಲ ಸೇರಿಸಿಕೊಂಡೆನು. ಒಳ್ಳೊಳ್ಳೆಯ ಎಲೆಗಳು ನನ್ನ ಬಳಿ ಇದ್ದವು. ಕಟ್ಟು ಮೂವತ್ತೈದಕ್ಕೆ ಬೆಳೆಯಿತು. ಆದರೂ ಗೋಪುರದ ಎರಡನೆಯ ಭಾಗವನ್ನು ದಾಟಲು ನನ್ನಿಂದಾಗಲಿಲ್ಲ. ಆರನೆಯ ಬಾರಿ ಸೋತಾಗ ಪಕ್ಕದಲ್ಲಿದ್ದ ಮೊಮ್ಮಗನು, "ಅಜ್ಜಾ, ಕೊಟ್ಟಿದ್ದನ್ನೆಲ್ಲಾ ಯಾಕೆ ತಗೋತೀರಿ? ಬೇಡ ಅಂತ ಒತ್ತಲಿಕ್ಕೂ ಬರ್ತದೆ ನೋಡ್ರಿ" ಎಂದನು. ನೋಡಿದರೆ ನಿಜವಾಗಿಯೂ ಅಂತಹ ಗುಂಡಿಯೊಂದು ಮೂರು ಎಲೆಗಳ ಕೆಳಗೆ ಇದ್ದಿತು. ಒಂದು ವಾರ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಲೆಕ್ಕವು ಸರಳವಾದುದು. ಹತ್ತು ಎಲೆಗಳ ಕಟ್ಟಾದರೆ, ಸರದಿಗೆ ಐದರಂತೆ, ಎರಡು ಸರದಿಯಲ್ಲಿ ಇಡೀ ಕಟ್ಟು ಒಮ್ಮೆ ಕೈಗೆ ಬಂದು ಹೋಗುತ್ತದೆ. ಮೂವತ್ತೈದರ ಕಟ್ಟಾದರೆ ಏಳು ಸರದಿ ಬೇಕು. ಹಾಗೆಂದರೆ ನನ್ನಲ್ಲಿರುವ ಅತ್ಯುತ್ತಮ ಎಲೆಯ ಮುಖವನ್ನು ನಾನು ಏಳು ಸರದಿಗೊಮ್ಮೆ ಮಾತ್ರ ನೋಡಬಲ್ಲೆ. ಅಷ್ಟರೊಳಗೆ ಹೋರಾಟವೇ ಮುಗಿದಿರುತ್ತದೆ. ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಓಡದ ಮಾಲು ಗೋದಾಮಿನಲ್ಲಿ ತುಂಬಿಕೊಂಡರೆ ಓಡುವ ಮಾಲಿಗೆ ಜಾಗವಿಲ್ಲದಂತಾಗುತ್ತದೆ. ದಾಸ್ತಾನಿನ ಬೆಲೆ ಎಷ್ಟೆಂಬುದಕ್ಕಿಂತ ಅದು ವರ್ಷಕ್ಕೆ ಎಷ್ಟು ಬಾರಿ ತಿರುಗುತ್ತದೆ ಎಂಬುದು ಮುಖ್ಯವೆಂದು ಬಿ.ಕಾಂ. ತರಗತಿಯಲ್ಲಿ ಓದಿದ್ದೆನು. ಅದು ಮನಸ್ಸಿಗೆ ಹತ್ತಿದ್ದು ಮಾತ್ರ ಎಷ್ಟೋ ಆಷಾಢಗಳಲ್ಲಿ ಅರ್ಧ ಬೆಲೆಗೆ ಥಾನುಗಳನ್ನು ಮಾರಿ ನಷ್ಟವನ್ನುಂಡ ಮೇಲೆಯೇ.

ಆಟದ ಗೋಪುರದಲ್ಲಿ ಒಬ್ಬ ವ್ಯಾಪಾರಿಯೂ ಇದ್ದಾನೆ. ಅವನ ಅಂಗಡಿಯಲ್ಲಿ ಎಲೆಗಳನ್ನು ಕೊಳ್ಳಬಹುದು; ಅದಕ್ಕಿಂತ ಆಶ್ಚರ್ಯವೆಂದರೆ, ಹಣ ಕೊಟ್ಟು ಎಲೆಯನ್ನು ತೆಗೆಸಿಹಾಕಬಹುದು. ಮೊದಲನೆಯದಕ್ಕೆ ಎಪ್ಪತ್ತೈದು ನಾಣ್ಯ, ಮುಂದಿನದಕ್ಕೆ ನೂರು, ಅನಂತರ ನೂರಿಪ್ಪತ್ತೈದು. ಹೀಗೆ ಪ್ರತಿಸಲವೂ ಇಪ್ಪತ್ತೈದು ಹೆಚ್ಚುತ್ತ ಹೋಗುತ್ತದೆ. ಸೇರಿಸಿಕೊಳ್ಳುವುದು ಉಚಿತ, ಬಿಡಿಸಿಕೊಳ್ಳುವುದಕ್ಕೆ ದಂಡ. ತಡವಾದಷ್ಟೂ ದಂಡ ಹೆಚ್ಚು. ಇದನ್ನು ಕಂಡು ನಾನು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆನು. ಜೀವನದಲ್ಲಿಯೂ ಬಂದದ್ದೆಲ್ಲ ಬಂದಿತು. ಅವುಗಳಲ್ಲಿ ಒಂದೊಂದನ್ನೂ ಬಿಡುವ ಬೆಲೆ ವಯಸ್ಸಿನೊಂದಿಗೆ ಏರುತ್ತಲೇ ಇದೆ.

ಆಟದ ರಚನೆಯಲ್ಲಿ ಮೆಚ್ಚಬೇಕಾದ ಇನ್ನೂ ಕೆಲವು ಅಂಶಗಳಿವೆ. ಎದುರಾಳಿ ಜೀವಿಯು ಮುಂದಿನ ಸರದಿಯಲ್ಲಿ ಏನು ಮಾಡಲಿದೆ ಎಂಬುದನ್ನು ಅದರ ತಲೆಯ ಮೇಲೆಯೇ ತೋರಿಸಿರುತ್ತಾರೆ. ಹೊಡೆಯುವುದಾದರೆ ಎಷ್ಟು ಪೆಟ್ಟು ಎಂಬ ಸಂಖ್ಯೆಯೂ ಇರುತ್ತದೆ. ಆದ್ದರಿಂದ ಸೋತವನು ದೈವವನ್ನು ಹಳಿಯುವ ಅವಕಾಶ ಕಡಿಮೆ. ತಪ್ಪು ಎಲ್ಲಿ ಆಯಿತೆಂಬುದನ್ನು ಹಿಂದಿರುಗಿ ನೋಡಿ ಹೇಳಬಹುದು. ಶಾಪದ ಎಲೆಗಳೆಂಬುವು ಕೆಲವಿವೆ. ಅವು ಕಟ್ಟಿನೊಳಗೆ ಸೇರಿಕೊಂಡು ಕೈಗೆ ಬಂದಾಗಲೆಲ್ಲ ಒಂದು ಸ್ಥಳವನ್ನು ಆಕ್ರಮಿಸುತ್ತವೆ. ಅವುಗಳಲ್ಲೊಂದರ ಹೆಸರು 'ಪರಿತಾಪ'. ಅದು ಕೈಯಲ್ಲಿದ್ದಾಗ, ಸರದಿಯ ಕೊನೆಗೆ ಕೈಯಲ್ಲಿ ಎಷ್ಟು ಎಲೆ ಉಳಿದಿವೆಯೋ ಅಷ್ಟು ಪ್ರಾಣಾಂಶ ನಷ್ಟವಾಗುತ್ತದೆ. ಇನ್ನೊಂದು ಕಡೆ, ಮೊದಲ ಭಾಗದ ಕೊನೆಯಲ್ಲಿ ಕೆಲವೊಮ್ಮೆ ಒಂದು ವಸ್ತುವನ್ನು ಕೊಡಲು ಬರುತ್ತಾರೆ: ತೆಗೆದುಕೊಂಡರೆ ಪ್ರತಿ ಸರದಿಗೂ ಒಂದಂಶ ಶಕ್ತಿ ಹೆಚ್ಚು, ಆದರೆ ಅಂದಿನಿಂದ ಒಂದು ನಾಣ್ಯವನ್ನೂ ಗಳಿಸುವಂತಿಲ್ಲ. ನಾನು ಅದನ್ನು ಎರಡು ಸಲ ನಿರಾಕರಿಸಿದೆನು. ಜಾತಿ ವ್ಯಾಪಾರಿಯ ಕೈ ಅದಕ್ಕೆ ಹೋಗದು.

'ವಾಚರ್' ಎಂಬ ಪಾತ್ರವು ಮೂರು ಪಾತ್ರಗಳ ಅನಂತರ ತೆರೆದುಕೊಳ್ಳುವುದು. ಆಕೆ ಕುರುಡಿಯಾದ ತಪಸ್ವಿನಿ. ಆಕೆಗೆ ಮನಸ್ಸಿನ ಭಂಗಿಗಳಿವೆ. ಕ್ರೋಧದ ಭಂಗಿಯಲ್ಲಿ ಆಕೆ ಕೊಡುವ ಪೆಟ್ಟು ಇಮ್ಮಡಿಯಾಗುತ್ತದೆ. ಆಕೆಗೆ ತಗಲುವ ಪೆಟ್ಟೂ ಇಮ್ಮಡಿಯಾಗುತ್ತದೆ. ಶಾಂತಿಯ ಭಂಗಿಯಿಂದ ಹೊರಬಂದಾಗ ಎರಡಂಶ ಶಕ್ತಿ ಸಿಗುತ್ತದೆ. ಕಷಾಯಗಳ ಬಗ್ಗೆ ಎಷ್ಟು ಪ್ರವಚನ ಕೇಳಿದರೂ ತಿಳಿಯದ ಮಾತನ್ನು ನನ್ನ ಮೊಮ್ಮಗನು ಇಲ್ಲಿ ಹತ್ತು ನಿಮಿಷದಲ್ಲಿ ತಿಳಿದನು: ಕ್ರೋಧವನ್ನು ಪ್ರವೇಶಿಸುವುದು ಸುಲಭ, ಅದರಿಂದ ಹೊರಬರುವ ಎಲೆ ಕೈಯಲ್ಲಿಲ್ಲದಿದ್ದರೆ ಸಾವು ನಿಶ್ಚಿತ.

ಇಲ್ಲಿಯವರೆಗೆ ಓದಿದವರು, ಇನ್ನೇನು, ಇದು ಅಪರಿಗ್ರಹವನ್ನು ಬೋಧಿಸುವ ಆಟವೆಂದು ಲೇಖಕನು ತೀರ್ಪು ಕೊಡುವನೆಂದು ನಿರೀಕ್ಷಿಸಬಹುದು. ಲೋಕದಲ್ಲಿ ಕಂಡ ಸಾಮ್ಯಗಳನ್ನೆಲ್ಲ ನಮ್ಮ ಧರ್ಮದ ಖಾತೆಗೆ ಜಮಾ ಮಾಡಿಕೊಳ್ಳುವ ಅಭ್ಯಾಸ ನಮ್ಮ ಬರಹಗಾರರಲ್ಲಿ ಇದೆ, ನನ್ನಲ್ಲಿಯೂ ಇದೆ. ಆದರೆ ಈ ಜಮಾ ಸರಿಯಲ್ಲ. ಆಟಗಾರನು ಎಲೆಯನ್ನು ಕಳೆಯುವುದು ಉಳಿದ ಎಲೆಗಳು ಇನ್ನಷ್ಟು ಬಲವಾಗಿ ಹೊಡೆಯಲೆಂದು. ಪರಿಗ್ರಹ ಪರಿಮಾಣ ವ್ರತವನ್ನು ತೆಗೆದುಕೊಂಡ ಶ್ರಾವಕನು ಬಿಡುವುದು, ಬಿಟ್ಟದ್ದರ ಬಗ್ಗೆಯೂ ಉಳಿದದ್ದರ ಬಗ್ಗೆಯೂ ಮೂರ್ಛೆ ಕಡಿಮೆಯಾಗಲೆಂದು. ಮೊದಲನೆಯವನ ಕಟ್ಟು ಚಿಕ್ಕದಾದಂತೆ ಗೆಲ್ಲುವ ಆಸೆ ಹರಿತವಾಗುತ್ತದೆ. ಆಷಾಢದಲ್ಲಿ ಓಡದ ಮಾಲನ್ನು ಅರ್ಧ ಬೆಲೆಗೆ ಕೊಟ್ಟ ನಾನು ತ್ಯಾಗಿಯಾಗಿದ್ದೆನೆಂದು ಯಾರೂ ಹೇಳಲಾರರು. ಶ್ರಾವಣದ ಹೊಸ ಮಾಲಿಗೆ ಜಾಗ ಮಾಡಿಕೊಂಡಿದ್ದೆನು, ಅಷ್ಟೇ. ಈ ಆಟವು ಕಲಿಸುವುದು ಒಳ್ಳೆಯ ವ್ಯಾಪಾರಿಯ ವಿವೇಕವನ್ನು. ಅದು ಸಣ್ಣ ಗುಣವಲ್ಲ. ಆದರೆ ಅದನ್ನು ವ್ರತಿಯ ವಿರಕ್ತಿಯೊಂದಿಗೆ ಬೆರೆಸಬಾರದು.

ಇನ್ನು ಮಂಡಳಿಯ ಮುಂದಿದ್ದ ಮೊದಲ ಪ್ರಶ್ನೆ: ಇದು ದ್ಯೂತವೇ? ದ್ಯೂತಕ್ಕೆ ಪಣ ಬೇಕು. ಈ ಆಟವನ್ನು ಒಮ್ಮೆ ಹಣ ಕೊಟ್ಟು ಕೊಂಡರೆ ಮುಗಿಯಿತು. ಒಳಗೆ ಮತ್ತೆ ಹಣ ಕೇಳುವವರಿಲ್ಲ. ಅಲ್ಲಿಯ ಚಿನ್ನದ ನಾಣ್ಯಗಳು ಆ ಆಟದೊಂದಿಗೇ ಮುಗಿಯುತ್ತವೆ. ನನ್ನ ಸೋಲಿನಿಂದ ಯಾರೂ ಶ್ರೀಮಂತರಾಗುವುದಿಲ್ಲ, ನನ್ನ ಗೆಲುವಿನಿಂದ ಯಾರ ಮನೆಯೂ ಹಾಳಾಗುವುದಿಲ್ಲ. ಆದಿಕವಿ ಪಂಪನು 'ವಿಕ್ರಮಾರ್ಜುನ ವಿಜಯ'ದಲ್ಲಿ ಹೇಳಿದ ದ್ಯೂತಪ್ರಸಂಗವನ್ನು ನೆನೆಯಿರಿ. ಧರ್ಮರಾಜನನ್ನು ಹಾಳುಮಾಡಿದ್ದು ದಾಳವಲ್ಲ, ಮೇಲೆ ಮೇಲೆ ಒಡ್ಡಿದ ಪಣ. ಪ್ರತಿ ಸೋಲೂ ಇನ್ನೊಂದು ದೊಡ್ಡ ಪಣವನ್ನು ಕೇಳಿತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯೂ ಇದೇ ಅಳತೆಗೋಲನ್ನು ಹಿಡಿದಿದೆ: ಆಟವು ಜಾಣ್ಮೆಯದೋ ಅದೃಷ್ಟದ್ದೋ ಎಂಬುದನ್ನು ನೋಡದೆ, ಹಣವನ್ನು ಒಡ್ಡಿ ಆಡುವ ಆಟಗಳನ್ನು ನಿಷೇಧಿಸಿತು.

ರೂಪವನ್ನು ನೋಡಿ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ 'ಬಲಾಟ್ರೋ' ಎಂಬ ಆಟ ಉದಾಹರಣೆ. ಕೆನಡಾದ ಒಬ್ಬ ರಚನಕಾರನು 'ಲೋಕಲ್‌ಥಂಕ್' ಎಂಬ ಗುಪ್ತನಾಮದಿಂದ ರಚಿಸಿ, 2024ರ ಫೆಬ್ರವರಿಯಲ್ಲಿ ಹೊರಬಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊಬೈಲಿಗೂ ಬಂದ ಆಟವಿದು. ಇದರಲ್ಲಿರುವುದು ನಮ್ಮ ಐವತ್ತೆರಡು ಇಸ್ಪೀಟೆಲೆಗಳೇ, ಪೋಕರಿನ ಜೋಡಣೆಗಳೇ. ಆದರೆ ಹಣದ ಪಣವಿಲ್ಲ. ಯುರೋಪಿನ ವಯೋಮಿತಿ ನಿರ್ಣಯ ಸಂಸ್ಥೆಯು ಮೊದಲು ಇದನ್ನು ಮೂರು ವರ್ಷ ಮೇಲ್ಪಟ್ಟವರಿಗೆ ಯೋಗ್ಯವೆಂದಿತು. ಬಳಿಕ ಜೂಜಿನ ಚಿತ್ರಣವಿದೆಯೆಂದು ಹದಿನೆಂಟಕ್ಕೆ ಏರಿಸಿತು. 2025ರ ಫೆಬ್ರವರಿಯಲ್ಲಿ ಮೇಲ್ಮನವಿಯ ಅನಂತರ ಹನ್ನೆರಡಕ್ಕೆ ಇಳಿಸಿತು. ಅದರ ರಚನಕಾರನಾದರೋ ತನ್ನ ಆಟದ ಹಕ್ಕುಗಳನ್ನು ಯಾವ ಜೂಜಿನ ಸಂಸ್ಥೆಗೂ ಎಂದಿಗೂ ಮಾರಕೂಡದೆಂದು ಮರಣಶಾಸನದಲ್ಲಿ ಬರೆಸಿರುವುದಾಗಿ ಹೇಳಿಕೊಂಡಿದ್ದಾನೆ.

ಇದಕ್ಕೆ ವಿರುದ್ಧವಾಗಿ, ನೋಡಲು ನಿರಪಾಯವಾದ, ರಾಜಕುಮಾರರ ಮತ್ತು ಡ್ರ್ಯಾಗನ್‌ಗಳ ಸುಂದರ ಚಿತ್ರಗಳಿರುವ ಕೆಲವು ಆಟಗಳಿವೆ. 2014ರಲ್ಲಿ ಬಂದ 'ಹಾರ್ತ್‌ಸ್ಟೋನ್' ಅಂತಹುದು. ಅಲ್ಲಿ ಮೂವತ್ತು ಎಲೆಗಳ ಕಟ್ಟನ್ನು ಆಟಕ್ಕೆ ಮೊದಲೇ ತನ್ನ ಸಂಗ್ರಹದಿಂದ ಕಟ್ಟಿಕೊಂಡು ಬರಬೇಕು. ಸಂಗ್ರಹ ಬೆಳೆಯಬೇಕಾದರೆ ಐದೈದು ಎಲೆಗಳ ಮುಚ್ಚಿದ ಪೊಟ್ಟಣಗಳನ್ನು ಆಡಿ ಗಳಿಸಬೇಕು ಅಥವಾ ನಿಜವಾದ ಹಣ ಕೊಟ್ಟು ಕೊಳ್ಳಬೇಕು. ಒಳಗೆ ಏನಿದೆಯೆಂಬುದು ಒಡೆದ ಮೇಲೆಯೇ ತಿಳಿಯುವುದು. ಸರಕನ್ನು ತೋರಿಸದೆ ಬೆಲೆ ಕೇಳುವ ವ್ಯಾಪಾರ ನ್ಯಾಯದ ವ್ಯಾಪಾರವಲ್ಲವೆಂದು ನನ್ನ ತಂದೆಯವರು ಹೇಳುತ್ತಿದ್ದರು. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಕೆಲವು ವಿಡಿಯೋ ಆಟಗಳು ಮಾರುತ್ತಿದ್ದ ಮುಚ್ಚಿದ ಪೆಟ್ಟಿಗೆಗಳನ್ನು ಪರೀಕ್ಷಿಸಿ, ಅವು ಜೂಜಿನ ಕಾನೂನಿಗೆ ಒಳಪಡುತ್ತವೆಂದು ಹೇಳಿತು. ನಮ್ಮ ನಿಲಯ ಪಾಲಕರ ಕಣ್ಣಿಗೆ ಬಲಾಟ್ರೋ ಅಪರಾಧವಾಗಿಯೂ, ಪೊಟ್ಟಣದ ಆಟವು ಮಕ್ಕಳ ಚಿತ್ರದಂತೆಯೂ ಕಂಡೀತು. ದೋಷವಿರುವುದು ಎಲ್ಲಿ ಎಂಬುದನ್ನು ನೋಡದ ನಿಯಮದ ಗತಿ ಇದು.

ಎರಡನೆಯ ಪ್ರಶ್ನೆಯನ್ನು ಮಂಡಳಿಯಲ್ಲಿ ಯಾರೂ ಎತ್ತಲಿಲ್ಲ. ಆದರೆ ನನ್ನನ್ನು ಅದು ಹೆಚ್ಚು ಬಾಧಿಸಿತು. ಗೋಪುರದ ಕೆಳಗಿನ ಅಂತಸ್ತುಗಳಲ್ಲಿ ಎದುರಾಗುವ ಜೀವಿಗಳಲ್ಲಿ ಕೆಂಪು ಮತ್ತು ಹಸಿರು ಬಣ್ಣದ ಹೇನುಗಳಿವೆ, ದವಡೆ ತೆರೆದ ಹುಳುವಿದೆ. ತಲೆಯ ಹೇನನ್ನೂ ಕೊಲ್ಲದೆ ಬಟ್ಟೆಯ ಚೂರಿನ ಮೇಲೆ ಬಿಡುತ್ತಿದ್ದ ಅಜ್ಜಿಯರು ನಮ್ಮವರು. ಅವರ ಮೊಮ್ಮಕ್ಕಳು ಪರದೆಯ ಮೇಲಾದರೂ ಹೇನನ್ನು ಕೊಂದು ಮುಂದೆ ಹೋಗುವುದು ಸರಿಯೇ? ಚಿತ್ರದ ಹೇನಿಗೆ ಪ್ರಾಣವಿಲ್ಲವೆಂದು ಹೇಳಿ ಕೈ ತೊಳೆದುಕೊಳ್ಳಲು ಜನ್ನ ಕವಿಯು ನಮ್ಮನ್ನು ಬಿಡುವುದಿಲ್ಲ. 1209ರಲ್ಲಿ ರಚಿತವಾದ 'ಯಶೋಧರ ಚರಿತೆ'ಯಲ್ಲಿ ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅದಕ್ಕೂ ಪ್ರಾಣವಿರಲಿಲ್ಲ. ಆದರೂ ಆ ಸಂಕಲ್ಪಹಿಂಸೆಯ ಫಲವನ್ನು ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಕೊಲ್ಲಿಸಿಕೊಂಡು ಅನುಭವಿಸಿದರು.

ನಾನು ತಿಳಿದುಕೊಂಡಿರುವುದು ಹೀಗೆ. ಯಶೋಧರನು ನಿಜವಾದ ಕೋಳಿಯ ಸ್ಥಾನದಲ್ಲಿ ಹಿಟ್ಟಿನ ಕೋಳಿಯನ್ನಿಟ್ಟನು. ಕೊಲೆಯಿಂದ ಬರುವ ಲಾಭವನ್ನು ಬಯಸಿ, ಕೊಲ್ಲುತ್ತಿದ್ದೇನೆಂಬ ಭಾವದಿಂದಲೇ ಕತ್ತಿಯನ್ನೆತ್ತಿದನು. ಆಟಗಾರನ ಭಾವ ಅದಲ್ಲ. ನನ್ನ ಮನಸ್ಸನ್ನೇ ಪರೀಕ್ಷಿಸಿಕೊಂಡೆನು: ಮೂರನೆಯ ದಿನದ ಹೊತ್ತಿಗೆ ನನಗೆ ಹೇನು ಕಾಣುತ್ತಲೇ ಇರಲಿಲ್ಲ, ಅದರ ಮೇಲಿದ್ದ ಸಂಖ್ಯೆ ಮಾತ್ರ ಕಾಣುತ್ತಿದ್ದಿತು. ಇದು ಯಶೋಧರನ ದೋಷವಲ್ಲವೆಂದು ಸಮಾಧಾನಪಟ್ಟೆನು. ಆದರೆ ಸಮಾಧಾನ ಪೂರ್ಣವಾಗಲಿಲ್ಲ. ಜೀವಿಯ ಆಕಾರವನ್ನು ನೋಡಿಯೂ ಜೀವಿ ಕಾಣದಂತಾಗುವುದು ಯಾವ ಸ್ಥಿತಿ? ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನೇ ಅದರ ಮೂಲದಲ್ಲಿ ಇಟ್ಟಿದೆಯೆಂಬುದು ಸ್ವಾಧ್ಯಾಯಿಗಳಿಗೆ ತಿಳಿದ ವಿಷಯ. ಆಟದಲ್ಲಿ ಯಾವ ಪ್ರಾಣವೂ ಹೋಗುವುದಿಲ್ಲ, ನಿಜ; ಆದರೆ ಪ್ರಮಾದದ ಅಭ್ಯಾಸ ಅಲ್ಲಿ ಆಗುತ್ತದೆ. ಸ್ನೇಹದಿಂದ ರಚಿಸಿದ ಇಷ್ಟೊಂದು ಜಾಣ ಆಟಕ್ಕೆ ಕೊಲ್ಲುವುದನ್ನು ಬಿಟ್ಟು ಬೇರೆ ಕಥೆ ದೊರೆಯಲಿಲ್ಲವೇ ಎಂಬುದು ನನ್ನ ಆಕ್ಷೇಪ. ಡೊಮಿನಿಯನ್ನಿನ ರಚನಕಾರನಿಗೆ ಊರು, ಸಂತೆ, ಜಮೀನುಗಳು ಸಾಕಾಗಿದ್ದವು.

ಈಗ ನನ್ನ ಸ್ವಂತ ಖಾತೆಯನ್ನು ತೆರೆದಿಡಬೇಕು. ಮಂಡಳಿಗೆ ವರದಿ ಕೊಡಬೇಕಾಗಿದ್ದುದರಿಂದ ಆಡಿದ ಹೊತ್ತನ್ನು ದಿನವೂ ರೋಜುವಾರಿಯಲ್ಲಿ ಬರೆದಿಡುತ್ತಿದ್ದೆನು. ಮೂವತ್ತು ದಿನಗಳಲ್ಲಿ ಮೂವತ್ತೊಂದು ಬಾರಿ ಗೋಪುರವನ್ನು ಹತ್ತಲು ತೊಡಗಿ ಎರಡು ಬಾರಿ ಮಾತ್ರ ತುದಿ ಮುಟ್ಟಿದೆನು. ಒಟ್ಟು ನಲವತ್ತಾರು ಗಂಟೆ. ಅದೇ ತಿಂಗಳಿನ ಸ್ವಾಧ್ಯಾಯ ಒಂಬತ್ತು ಗಂಟೆ. ಹಿಂದಿನ ತಿಂಗಳುಗಳಲ್ಲಿ ಅದು ಇಪ್ಪತ್ತಕ್ಕೆ ಕಡಿಮೆ ಇದ್ದುದಿಲ್ಲ. ಸಾಮಾಯಿಕಕ್ಕೆ ಕುಳಿತು ಕಣ್ಣು ಮುಚ್ಚಿದರೆ ಐದು ಎಲೆಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು.

ಇಪ್ಪತ್ತೆರಡನೆಯ ದಿನ ಸಂಜೆ ಒಳಕೋಣೆಯಲ್ಲಿ ಆಡುತ್ತಿದ್ದೆನು. ಗೋಪುರದ ಮೂರನೆಯ ಭಾಗದ ಕೊನೆಯಲ್ಲಿದ್ದೆನು. ಜೀವನದಲ್ಲಿ ಮೊದಲ ಬಾರಿಗೆ ಗೆಲ್ಲುವ ಹಾಗಿತ್ತು. ಊಟಕ್ಕೆ ಎರಡು ಸಲ ಕರೆ ಬಂದಿತು. ಬಂದೆ, ಬಂದೆ ಎಂದೆನು. ಗೆದ್ದು, ಸಂತೋಷದಿಂದ ಹೊರಗೆ ಬಂದಾಗ ಕಿಟಕಿಯಾಚೆ ಕತ್ತಲಾಗಿತ್ತು. ಬಡಿಸಿಟ್ಟ ಎರಡು ತಟ್ಟೆಗಳು ಮುಚ್ಚಿಕೊಂಡಿದ್ದವು. ನನ್ನ ಪತ್ನಿ ಮೂವತ್ತೆಂಟು ವರ್ಷಗಳಿಂದ ನಾನು ಕುಳಿತ ಮೇಲೆಯೇ ಕುಳಿತವಳು. ಸೂರ್ಯಾಸ್ತವಾದ ಮೇಲೆ ಆಕೆ ನೀರನ್ನೂ ಮುಟ್ಟುವುದಿಲ್ಲ. "ಆಯ್ತೇನ್ರೀ ನಿಮ್ಮ ಆಟ?" ಎಂದು ಕೇಳಿ, ತಟ್ಟೆಗಳನ್ನು ಒಳಗೆ ತೆಗೆದಿಟ್ಟಳು. ಅಂದಿನ ಉಪವಾಸದಲ್ಲಿ ಅರ್ಧ ನನ್ನದು, ಅದು ನ್ಯಾಯ. ಆಕೆಯ ಪಾಲಿನ ಅರ್ಧವನ್ನು ಯಾವ ಖಾತೆಗೆ ಬರೆಯಬೇಕೆಂದು ನನಗೆ ಇಂದಿಗೂ ತಿಳಿಯದು.

ವಿಮರ್ಶಕನಾಗಿ ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಡೊಮಿನಿಯನ್ ಮೇಜಿನ ಆಟ. ಪ್ರಾಂತದ ಎಲೆಗಳ ರಾಶಿ ಬರಿದಾದರೆ, ಅಥವಾ ಯಾವುದಾದರೂ ಮೂರು ರಾಶಿಗಳು ಬರಿದಾದರೆ, ಆಟ ಮುಗಿಯಿತು. ಎಲೆಗಳನ್ನು ಜೋಡಿಸಿ ಪೆಟ್ಟಿಗೆಗೆ ಹಾಕಬೇಕು, ಎದುರಿನವರು ಎದ್ದು ಮನೆಗೆ ಹೋಗಬೇಕು. ಮೊಬೈಲಿನಲ್ಲಿ ಎದುರಿನವರಿಲ್ಲ, ಜೋಡಿಸುವ ಶ್ರಮವಿಲ್ಲ. ಸೋತ ಕ್ಷಣದಲ್ಲಿ ಹೊಸ ಆರಂಭಕ್ಕೆ ಒಂದೆರಡು ಸ್ಪರ್ಶ ಸಾಕು. ಗೆದ್ದರೆ ಇನ್ನೂ ಕಠಿಣವಾದ ಮೆಟ್ಟಿಲುಗಳು ಇಪ್ಪತ್ತು ಇವೆ. ಕಟ್ಟಿಗೆ ಮಿತಿಯನ್ನು ಇಷ್ಟು ಚೆನ್ನಾಗಿ ಕಲಿಸುವ ಆಟವು ತನಗೆ ತಾನು ಮಿತಿಯನ್ನಿಟ್ಟುಕೊಂಡಿಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ಮಾಡುವ ಕ್ರಿಯೆ ಅದು. ನನ್ನ ತೀರ್ಪಿನಲ್ಲಿ ಈ ಆಟವನ್ನು ದ್ಯೂತದ ಕೆಳಗೆ ಬರೆಯುವುದು ತಪ್ಪು. ಮಿತಿಮೀರಿ ಆಡುವುದನ್ನು ಪ್ರಮಾದಚರ್ಯೆಯ ಕೆಳಗೆ ಬರೆಯುವುದು ಸರಿ. ಎರಡಕ್ಕೂ ಪ್ರಾಯಶ್ಚಿತ್ತ ಒಂದೇ ಅಲ್ಲ. ಮೊದಲನೆಯದಕ್ಕೆ ನಿಷೇಧ, ಎರಡನೆಯದಕ್ಕೆ ಪರಿಮಾಣ.

ವರದಿ ಓದುವ ಮುನ್ನ ನಾನು ಹುಡುಗನನ್ನು ಕಂಡು ಮಾತನಾಡಿದೆನು. ನಾನೂ ಆಡಿದ್ದೇನೆಂದು ತಿಳಿದಾಗ ಅವನ ಮುಖದ ಭಯ ಹೋಯಿತು. ಎಷ್ಟು ಎಲೆಯ ಕಟ್ಟಿನಿಂದ ತುದಿ ಮುಟ್ಟಿದೆ ಎಂದು ಕೇಳಿದೆನು. "ಹದಿನಾರು, ಸರ್" ಎಂದು ತಡವಿಲ್ಲದೆ ಹೇಳಿದನು. ಒಂದೊಂದರ ಹೆಸರನ್ನೂ ಹೇಳಿದನು. ಇದುವರೆಗೆ ಒಟ್ಟು ಎಷ್ಟು ಗಂಟೆ ಆಡಿದ್ದೀ ಎಂದು ಕೇಳಿದಾಗ ಸುಮ್ಮನಾದನು. ಆಮೇಲೆ ಆಟದೊಳಗಿನ ಲೆಕ್ಕದ ಪುಟವನ್ನು ತಾನೇ ತೆರೆದು, ನೋಡಿ, ನನ್ನ ಕಡೆಗೆ ತಿರುಗಿಸಿದನು. ಆ ಸಂಖ್ಯೆಯನ್ನು ಇಲ್ಲಿ ಬರೆಯುವುದು ಬೇಡ. ನಾನು ಬೈಯಲಿಲ್ಲ. ಬೈಯುವ ಅಧಿಕಾರವನ್ನು ಇಪ್ಪತ್ತೆರಡನೆಯ ದಿನವೇ ಕಳೆದುಕೊಂಡಿದ್ದೆನು.

ಮಂಡಳಿಯು ಎರಡು ಗಂಟೆ ಚರ್ಚಿಸಿ, ಒಬ್ಬ ಸದಸ್ಯರ ಭಿನ್ನಾಭಿಪ್ರಾಯದೊಂದಿಗೆ, ಹುಡುಗನನ್ನು ನಿಲಯದಲ್ಲಿಯೇ ಉಳಿಸಿಕೊಂಡಿತು. ಭಿನ್ನಾಭಿಪ್ರಾಯವನ್ನು ಬರೆಸಿದ ಹಿರಿಯರು ಹೇಳಿದ ಮಾತು ನ್ಯಾಯವಾದುದು: ಮಿತಿಯಲ್ಲಿ ಆಡುತ್ತೇನೆಂದು ಹೇಳಿದವರಲ್ಲಿ ಎಷ್ಟು ಜನ ಮಿತಿಯಲ್ಲಿ ನಿಂತಿದ್ದಾರೆ? ನನ್ನ ಬಳಿ ಅದಕ್ಕೆ ಖಚಿತವಾದ ಉತ್ತರವಿರಲಿಲ್ಲ. ನಿಯಮಾವಳಿಯ ಆ ಸಾಲನ್ನು ಮಾತ್ರ ತಿದ್ದಿದ್ದೇವೆ. ಹಣವನ್ನು ಒಡ್ಡುವ ಆಟ ಮತ್ತು ಮುಚ್ಚಿದ ಪೊಟ್ಟಣಗಳನ್ನು ಹಣಕ್ಕೆ ಮಾರುವ ಆಟ ನಿಲಯದಲ್ಲಿ ನಿಷಿದ್ಧ. ಉಳಿದ ಆಟಗಳಿಗೆ ಭಾನುವಾರ ಮಧ್ಯಾಹ್ನ ಎರಡು ಗಂಟೆ. ರಾತ್ರಿ ಒಂಬತ್ತಕ್ಕೆ ಎಲ್ಲ ಮೊ‌ಬೈಲುಗಳು ಪಾಲಕರ ಕಪಾಟಿಗೆ, ಪಾಲಕರದೂ ಸೇರಿ. ಪ್ರತಿ ವಿದ್ಯಾರ್ಥಿಯೂ ತಾನು ಆಡಿದ ಹೊತ್ತನ್ನು ತಾನೇ ಒಂದು ಪುಸ್ತಕದಲ್ಲಿ ಬರೆಯಬೇಕು. ಅದನ್ನು ಯಾರೂ ಪರಿಶೀಲಿಸುವುದಿಲ್ಲ.

ಬೇರೆ ಊರುಗಳ ಟ್ರಸ್ಟಿನ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಇಂತಹ ದೂರು ಬಂದಾಗ ಹಳೆಯ ಸಾಲನ್ನು ಓದಿ ತೀರ್ಪು ಕೊಡುವುದಕ್ಕೆ ಮುನ್ನ, ಆಟವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ಅದರಲ್ಲಿ ಹಣ ಎಲ್ಲಿ ಬರುತ್ತದೆ, ಹೊತ್ತು ಎಲ್ಲಿ ಹೋಗುತ್ತದೆ ಎಂಬ ಎರಡು ಕಲಮುಗಳನ್ನು ಬರೆದುಕೊಳ್ಳಿರಿ. ಹಿರಿಯರು ಆಡಿ ನೋಡುವುದಾದರೆ ಸಂಜೆ ನಾಲ್ಕರೊಳಗೆ ಮುಗಿಸಿರಿ. ನಾನು ಈಗ ಭಾನುವಾರ ಊಟವಾದ ಮೇಲೆ ಒಮ್ಮೆ ಆಡುತ್ತೇನೆ, ಮೊಮ್ಮಗನು ಪಕ್ಕದಲ್ಲಿರುವಾಗ ಮಾತ್ರ. ಸೋತ ಮೇಲೆ ಪರದೆಯು ಮತ್ತೊಮ್ಮೆ ಆಡಲು ಕರೆಯುತ್ತದೆ. ಬೇಡವೆಂದು ಮೊಬೈಲನ್ನು ಅವನ ಕೈಗೆ ಕೊಡುತ್ತೇನೆ. ಅವನು ಅದನ್ನು ತನ್ನ ಅಜ್ಜಿಯ ಬಳಿ ಕೊಟ್ಟು ಬರುತ್ತಾನೆ.